ವೆಂಕಟಯ್ಯನ ಷರಾ

ಜನವರಿಯ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಗಣಪಯ್ಯನವರಿಗೆ ಆ ಸುದ್ದಿ ತಿಳಿಯಿತು. ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿರುವ ತಮ್ಮ ಜೀಪ್ ಸ್ಪೇರ್ ಪಾರ್ಟ್ಸ್ ಅಂಗಡಿಯ ಬಾಗಿಲೆತ್ತಿ, ಶಾರದಾಂಬೆಯ ಪಟಕ್ಕೆ ಊದುಬತ್ತಿ ಬೆಳಗಿ, ಉಳಿದ ಹೊಗೆಯನ್ನು ಕಂಪ್ಯೂಟರಿಗೂ ಒಂದು ಸುತ್ತು ತೋರಿಸಿ, ಅವರು ಗುಂಡಿ ಒತ್ತಿದರು. ಕಂಪ್ಯೂಟರು ಎಂದಿನಂತೆ ಕೆಮ್ಮಿತು, ನರಳಿತು, ಎದ್ದು ಕೂತಿತು. ಆದರೆ ಎಂದಿನ ನೀಲಿ ಪರದೆಯ ನಡುವೆ ಇಂದು ಒಂದು ಬಿಳಿಯ ಚೌಕ ಬಂದು ನಿಂತಿತ್ತು. ಅದರ ತುಂಬ ಇಂಗ್ಲಿಷು.

ಗಣಪಯ್ಯನವರು ಹತ್ತಿರದ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ನರಸಿಂಹರಾಜಪುರಕ್ಕೆ ಫೋನು ಮಾಡಿದರು. ಅಲ್ಲಿ ಅವರ ತಮ್ಮನ ಮಗಳು ಅರ್ಪಣಾ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು.

"ಕೂಸೇ, ನಮ್ಮ ರ್ಯಾಕ್‌ಮಿತ್ರ ಹೋಗ್ತದಂತೆ."

"ಎಲ್ಲಿಗೆ ದೊಡ್ಡಪ್ಪ?"

"ಎಲ್ಲಿಗೆ ಅಂತ ಬರೆದಿಲ್ಲ. ಎಂಡ್ ಆಫ್ ಲೈಫ್ ಅಂತ ಬರೆದಾರೆ. ಮಾರ್ಚ್ ಮೂವತ್ತೊಂದಕ್ಕಂತೆ. ದಿನ ಸಮೇತ ಹೇಳ್ತಾರಲ್ಲ, ಇವರಿಗೆ ಹೇಗೆ ಗೊತ್ತಾಯ್ತು?"

ಅರ್ಪಣಾ ಆ ಚೌಕದ ಫೋಟೋ ತರಿಸಿಕೊಂಡು ಓದಿ ಬಿಡಿಸಿ ಹೇಳಿದಳು. ಅಂಗಡಿಯ ಸಾಮಾನೆಲ್ಲ ಯಾವ ಕಪಾಟಿನ ಯಾವ ಡಬ್ಬಿಯಲ್ಲಿದೆ ಎಂದು ಹೇಳುವ ಆ ಸಾಫ್ಟ್‌ವೇರನ್ನು ಕಂಪನಿಯವರು ಇನ್ನು ನಡೆಸುವುದಿಲ್ಲ. ಪ್ರತಿ ವರ್ಷ ಏಪ್ರಿಲ್ ಒಂದನೆಯ ತಾರೀಖು ಅದು ಕಂಪನಿಯಿಂದ ಅಪ್ಪಣೆ ಪಡೆದು ಬಾಗಿಲು ತೆರೆಯಬೇಕು. ಈ ಸಲ ಅಪ್ಪಣೆ ಕೊಡುವವರು ಇರುವುದಿಲ್ಲ. ಬೇಕಾದವರು ಹೊಸದಕ್ಕೆ ಹೋಗಬಹುದು.

ಗಣಪಯ್ಯನವರು ಫೋನು ಇಟ್ಟು ಕುರ್ಚಿಯಲ್ಲಿ ಕೂತರು. ಅದು ಅವರ ಕುರ್ಚಿಯಲ್ಲ, ವೆಂಕಟಯ್ಯನದು. ಆರು ವರ್ಷ ಚಿಕ್ಕವನಾದ ತಮ್ಮ, ಕಳೆದ ಶ್ರಾವಣದ ಒಂದು ಮಧ್ಯಾಹ್ನ ಊಟ ಮುಗಿಸಿ ಕೈತೊಳೆಯಲು ಎದ್ದವನು, ಬಚ್ಚಲ ಬಾಗಿಲಲ್ಲೇ ಕುಸಿದು ಹೋಗಿದ್ದ. ಹಿರಿಯನನ್ನು ಬಿಟ್ಟು ಕಿರಿಯನನ್ನು ಕರೆದುಕೊಂಡ ಲೆಕ್ಕ ಗಣಪಯ್ಯನವರಿಗೆ ಇನ್ನೂ ಅರ್ಥವಾಗಿರಲಿಲ್ಲ. ದಿನವೂ ಪೂಜೆಯ ಹೊತ್ತಿಗೆ ಅದನ್ನೇ ಕೇಳುತ್ತಿದ್ದರು. ಉತ್ತರ ಬಂದಿರಲಿಲ್ಲ.

ಕಂಪ್ಯೂಟರು ವೆಂಕಟಯ್ಯನ ರಾಜ್ಯವಾಗಿತ್ತು. ಮಲೆನಾಡಿನ ಜೀಪುಗಳನ್ನು ಬಲ್ಲವರಿಗೆ ಅದರ ಬೆಲೆ ತಿಳಿದೀತು. ಕಂಪನಿಯಿಂದ ಹೊರಟ ಜೀಪು ಹೊರಟ ಹಾಗೆಯೇ ಇರುವುದು ಬಯಲುಸೀಮೆಯಲ್ಲಿ. ಇಲ್ಲಿ ಒಂದು ಜೀಪಿನ ಎಂಜಿನ್ ಸತ್ತರೆ ಇನ್ನೊಂದರ ಎಂಜಿನ್ ಬರುತ್ತದೆ, ಮೂರನೆಯದರ ಗೇರ್ ಬಾಕ್ಸು ಸೇರುತ್ತದೆ, ಹಿಂದಿನ ಸ್ಪ್ರಿಂಗ್ ಪಟ್ಟಾ ಯಾವುದೋ ಲಾರಿಯದು. ಇಪ್ಪತ್ತು ವರ್ಷ ಕಳೆದ ಮೇಲೆ ಗಾಡಿಯ ಯಾವ ಅಂಗ ಯಾವ ವಂಶದ್ದು ಎಂದು ಮಾಲೀಕನಿಗೇ ಗೊತ್ತಿರುವುದಿಲ್ಲ. ವೆಂಕಟಯ್ಯನಿಗೆ ಗೊತ್ತಿತ್ತು. ಅವನು ಒಂದೊಂದು ಗಾಡಿಯ ನಂಬರಿನ ಮುಂದೆ, ರ್ಯಾಕ್‌ಮಿತ್ರದ ಕೊನೆಯ ಕಾಲಮ್ಮಾದ ಷರಾದಲ್ಲಿ, ಅದರ ಜಾತಕವನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟಿದ್ದ. ಹದಿನಾಲ್ಕು ವರ್ಷ, ನಾನೂರ ಹನ್ನೆರಡು ಗಾಡಿ. ಅವನು ಹೋದ ಮೇಲೆ ಗಣಪಯ್ಯನವರು ಅಂಗಡಿ ನಡೆಸುತ್ತಿದ್ದುದು ಆ ಷರಾ ಓದಿಕೊಂಡೇ. ಅದನ್ನು ಓದುವಾಗ ಮಾತ್ರ ವೆಂಕಟಯ್ಯ ಪಕ್ಕದಲ್ಲೇ ನಿಂತು ಗೊಣಗುತ್ತಿರುವ ಹಾಗೆ ಅವರಿಗೆ ಅನ್ನಿಸುತ್ತಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರು. ಕನ್ನಡಕ್ಕಾಗಿ ನಾಲ್ಕು ಒತ್ತಿ ಎಂದಿತು. ಒತ್ತಿದರು. ಹಿಂದಿಯಲ್ಲಿ ಕಾಯಲು ಹೇಳಿ ಸಂಗೀತ ಹಾಕಿತು. ಅರ್ಧ ಗಂಟೆ ಸುಮ್ಮನೆ ಕೂರುವುದು ವ್ಯರ್ಥವೆಂದು ಗಣಪಯ್ಯನವರು ಫೋನನ್ನು ಸ್ಪೀಕರಿಗೆ ಹಾಕಿ, ಕಣ್ಣು ಮುಚ್ಚಿ, ಜಪಮಣಿ ಹಿಡಿದರು. ಎಪ್ಪತ್ತನೆಯ ಮಣಿಗೆ ಬಂದಾಗ ಸಂಗೀತ ನಿಂತು, "ನಮಸ್ಕಾರ ಸರ್, ನಾನು ಶಶಿಕಿರಣ್, ಏನು ಸಹಾಯ ಮಾಡಲಿ?" ಎಂಬ ದನಿ ಬಂತು.

ಜಪದ ನಡುವೆ ಮಾತಾಡುವ ಹಾಗಿಲ್ಲ. ನೂರೆಂಟು ಮುಗಿಯದೆ ಏಳುವ ಹಾಗೂ ಇಲ್ಲ. ಗಣಪಯ್ಯನವರು "ಹುಂ... ಹುಂಹುಂ" ಎಂದು ತಾಳಲು ಸನ್ನೆ ಮಾಡಿದರು.

"ಹಲೋ ಸರ್? ನಿಮಗೆ ಹುಷಾರಿಲ್ವಾ ಸರ್?"

"ಹುಂಹುಂ!"

ಫೋನು ಕಟ್ಟಾಯಿತು. ಉಳಿದ ಮೂವತ್ತೆಂಟು ಮಣಿಗಳನ್ನು ಗಣಪಯ್ಯನವರು ಎಣಿಸಿದರೇ ಹೊರತು ಅವುಗಳ ಪುಣ್ಯ ಬಂದಿರಲಾರದು. ಮನಸ್ಸೆಲ್ಲ ಸಿಟ್ಟಿನಲ್ಲಿತ್ತು.

ಮೂರನೆಯ ದಿನ ಶಶಿಕಿರಣನೇ ಸಿಕ್ಕಿದ. ಒಳ್ಳೆಯ ಹುಡುಗ. ತಾನು ಕೂತಲ್ಲಿಂದಲೇ ಕಂಪ್ಯೂಟರಿನ ಒಳಗೆ ಬರುತ್ತೇನೆಂದು ಹೇಳಿ ನಿಜವಾಗಿ ಬಂದ. ಪರದೆಯ ಮೇಲಿನ ಬಾಣ ತಾನಾಗಿ ಓಡಾಡತೊಡಗಿತು. ಅಂಗಡಿಗೆ ಕ್ಲಚ್ ಪ್ಲೇಟ್ ಕೇಳಿಕೊಂಡು ಬಂದಿದ್ದ ಬಸರೀಕಟ್ಟೆಯ ಧರ್ಮೇಶ್, ಎಸ್ಟೇಟಿನ ಆಳುಗಳನ್ನು ಸಾಗಿಸುವ ಜೀಪಿನ ಡ್ರೈವರು, ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತ.

"ಹೊಸದು ತುಂಬಾ ಈಸಿ ಸರ್. ಗಾಡಿ ನಂಬರ್ ಹೊಡೆದ್ರೆ ಸಾಕು, ಯಾವ ಪಾರ್ಟ್ ಬೇಕು ಅಂತ ಅದೇ ಹೇಳತ್ತೆ. ಒಂದು ನಂಬರ್ ಹೇಳಿ."

ಗಣಪಯ್ಯನವರು ಧರ್ಮೇಶನ ನಂಬರು ಹೇಳಿದರು.

"ನೋಡಿ, ಬಂತು. ಪೆಟ್ರೋಲ್ ಗಾಡಿ."

"ನಂಬರು ಪೆಟ್ರೋಲಿಂದು. ಗಾಡಿ ಡೀಸೆಲ್."

"ಅದು ಹೇಗೆ ಸರ್?"

"ಎಂಜಿನ್ ಪಿಕಪ್ಪಿಂದು. ಗೇರ್ ಬಾಕ್ಸು ಹರಾಜಲ್ಲಿ ಬಂದ ಮಿಲಿಟರಿ ಜೀಪಿಂದು. ಹಿಂದಿನ ಆಕ್ಸಲ್ ಯಾವ್ದರದ್ದಾ ಧರ್ಮೇಶ?"

"ಅದೆಂತ ಗೊತ್ತಿಲ್ಲ ಮಾರಾಯ್ರೆ. ಅಪ್ಪನ ಕಾಲದ್ದು."

ಶಶಿಕಿರಣ್ ಇನ್ನೊಂದು ಸಲ ನಂಬರು ಹೊಡೆದು ನೋಡಿದ. "ಹಾಗಾದ್ರೆ ಸರ್, ಆ ನಂಬರ್ ಗಾಡಿಯ ಯಾವ ಭಾಗದ್ದು?"

"ನಂಬರ್ ಪ್ಲೇಟಿಂದು," ಎಂದ ಧರ್ಮೇಶ್.

"ಸರ್, ಇಂಥ ಗಾಡಿನ ಸಿಸ್ಟಮ್ ಒಪ್ಪಲ್ಲ."

"ನಿಮ್ಮ ಸಿಸ್ಟಮ್ ಒಪ್ಪದಿದ್ರೆ ಕತ್ತೆ ಬಾಲ," ಎಂದು ಧರ್ಮೇಶ್ ಫೋನಿಗೆ ಬಾಯಿ ಹಾಕಿದ. "ಬಸರೀಕಟ್ಟೆ ಏರು ಒಪ್ಪಿದೆ. ಹದಿನೆಂಟು ಜನ ಹತ್ತಿಸ್ಕೊಂಡು ಸೆಕೆಂಡ್ ಗೇರಲ್ಲಿ ಹೋಗ್ತದೆ, ಗೊತ್ತುಂಟಾ?"

ಗಣಪಯ್ಯನವರು ಅವನನ್ನು ಸುಮ್ಮನಿರಿಸಿ ತಮಗೆ ಬೇಕಾದುದನ್ನು ಕೇಳಿದರು. "ಅದೆಲ್ಲ ಇರ್ಲಿ ಮಾರಾಯ. ನಮ್ಮ ಷರಾ ಒಂದು ಹೊಸದಕ್ಕೆ ಬರ್ತದಾ?"

"ಷರಾ ಅಂದ್ರೆ?"

"ಕೊನೇ ಕಾಲಂ. ರಿಮಾರ್ಕ್ಸು."

"ಓ, ಅದಾ. ಅದನ್ನ ತೆಗೆದುಬಿಟ್ಟಿದೀವಿ ಸರ್. ಅದನ್ನ ಯಾರೂ ಬಳಸೋದೇ ಇಲ್ಲ."

ಗಣಪಯ್ಯನವರು ಫೋನು ಕೆಳಗಿಟ್ಟರು. ಧರ್ಮೇಶ್ ತಲೆ ತಗ್ಗಿಸಿದ. ಆ ಹುಡುಗನದು ತಪ್ಪಿಲ್ಲ. ಅವನು ವೆಂಕಟಯ್ಯನನ್ನು ನೋಡಿದವನಲ್ಲ.

ಭಾನುವಾರ ಅರ್ಪಣಾ ಬಂದು ಇಡೀ ದಿನ ಒದ್ದಾಡಿದಳು. ಸಾಮಾನಿನ ಪಟ್ಟಿ ಪ್ರಿಂಟಾಗುತ್ತಿತ್ತು, ಷರಾ ಆಗುತ್ತಿರಲಿಲ್ಲ. ಅದನ್ನು ನಕಲು ಮಾಡಿ ಬೇರೆಡೆ ಹಾಕಿದರೆ ಕನ್ನಡವೆಲ್ಲ ಮಾಯವಾಗಿ, ತಲೆಯ ಮೇಲೆ ಚುಕ್ಕಿ, ಕೊಂಬು, ಟೊಪ್ಪಿಗೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆಯಾಗುತ್ತಿತ್ತು.

"ಅಪ್ಪ ಹಳೇ ಕಾಲದ ಫಾಂಟಲ್ಲಿ ಹೊಡೆದಾರೆ ದೊಡ್ಡಪ್ಪ. ಅದನ್ನ ಸರಿ ಮಾಡೋ ಸಾಫ್ಟ್‌ವೇರಿಗೂ ಹಾಕಿ ನೋಡ್ದೆ. ಅರ್ಧ ಬರ್ತದೆ, ಅರ್ಧ ಹಾಳಾಗ್ತದೆ. ಫೋಟೋ ತೆಗೆಯೋಣ ಅಂದ್ರೆ ಆ ಕಿಟಕಿಯಲ್ಲಿ ಒಂದು ಸಲಕ್ಕೆ ಕಾಣೋದು ಎರಡೇ ಸಾಲು."

"ಹಾಗಾದ್ರೆ ಎಂತ ಮಾಡೋದು ಕೂಸೇ?"

"ಕೈಯಲ್ಲಿ ಬರೆದುಕೊಳ್ಳೋದೇ."

ಗಣಪಯ್ಯನವರ ಮುಖ ಬಹಳ ದಿನಗಳ ಮೇಲೆ ಅರಳಿತು. ಕೈಯಲ್ಲಿ ಬರೆಯುವುದು ಅವರಿಗೆ ಬರುತ್ತಿತ್ತು. ಮರುದಿನವೇ ಇನ್ನೂರು ಹಾಳೆಯ ಎರಡು ರಟ್ಟಿನ ಪುಸ್ತಕ ತಂದು, ಮೊದಲ ಪುಟದಲ್ಲಿ ಶ್ರೀಕಾರ ಹಾಕಿ, ಅರಿಶಿನ ಕುಂಕುಮ ಹಚ್ಚಿ ಶುರು ಮಾಡಿದರು.

ಶುರುವಿನಲ್ಲೇ ತೊಡಕಾಯಿತು. ಪರದೆ ನೋಡಲು ಒಂದು ಕನ್ನಡಕ, ಪುಸ್ತಕ ನೋಡಲು ಇನ್ನೊಂದು. ಒಂದು ಸಾಲಿಗೆ ನಾಲ್ಕು ಸಲ ಬದಲಾಯಿಸಬೇಕು. ಮೊದಲ ದಿನ ಮುಗಿದದ್ದು ಎರಡು ಗಾಡಿ. ಆಗ ಫ್ಯಾನ್ ಬೆಲ್ಟಿಗೆಂದು ಬಂದ ಕಡಹಿನಬೈಲಿನ ಅನ್ನಮ್ಮ ಇವರ ಅವಸ್ಥೆ ನೋಡಿದಳು. ಅನ್ನಮ್ಮ ಗದ್ದೆ, ತೋಟ, ಜೀಪು ಮೂರನ್ನೂ ತಾನೇ ನಡೆಸುವ ಹೆಂಗಸು. ಅವಳು ಗದ್ದೆಯ ಆಚೆ ಅಂಚಿನಿಂದ ಕರೆದರೆ ಪಕ್ಕದ ಊರಿನ ಆಳುಗಳೂ ಬರುತ್ತಿದ್ದರು.

"ಆಚೆ ಸರೀರಿ ಗಣಪಯ್ಯನೋರೇ. ನಾನು ಓದ್ತೀನಿ, ನೀವು ಬರೀರಿ. ನಾನೂ ಏಳ್ನೇ ಕ್ಲಾಸು ಪಾಸಾದೋಳೇ."

ಕನ್ನಡಕ ಮೂಗಿಗೇರಿಸಿ ಅವಳು ಓದಿದ ಮೊದಲ ಷರಾ ಧರ್ಮೇಶನದು:

"'ಎಂಜಿನ್ ಪಿಕಪ್ಪಿನದು. ಕ್ಲಚ್ ಪ್ಲೇಟ್ ಹತ್ತು ಇಂಚಿನದೇ ಕೊಡುವುದು. ಒಂಬತ್ತೇ ಎಂದು ಹಟ ಮಾಡುತ್ತಾನೆ, ಕಿವಿಗೆ ಹಾಕಿಕೊಳ್ಳಬಾರದು. ಮೂರು ತಿಂಗಳಿಗೊಂದು ಪ್ಲೇಟು ಸವೆಸುತ್ತಾನೆ. ತಪ್ಪು ಗಾಡಿಯದಲ್ಲ. ಕ್ಲಚ್ಚಿನ ಮೇಲೆ ಕಾಲಿಟ್ಟು, ದೇವರ ಮೇಲೆ ಭಾರ ಹಾಕಿ ಓಡಿಸುವ ಪೈಕಿ.'"

ಹೊರಗೆ ನಿಂತಿದ್ದ ಇಬ್ಬರು ಡ್ರೈವರುಗಳು ಬಿದ್ದು ಬಿದ್ದು ನಕ್ಕರು. ಅವರಿಬ್ಬರಿಂದ ಸುದ್ದಿ ಫೋನಿನಲ್ಲಿ ಹೊರಟಿತು. ಸಂಜೆಯೊಳಗೆ ಬಸರೀಕಟ್ಟೆ, ನೆಮ್ಮಾರ್, ಆಚೆ ಕಡೆ ನರಸಿಂಹರಾಜಪುರದವರೆಗೆ ಎಲ್ಲರಿಗೂ ಗೊತ್ತಾಯಿತು: ವೆಂಕಟಯ್ಯ ಎಲ್ಲರ ಮೇಲೂ ಬರೆದಿಟ್ಟಿದ್ದಾನೆ, ಕೊಪ್ಪದಲ್ಲಿ ಓದುತ್ತಿದ್ದಾರೆ.

ಆಮೇಲೆ ಅಂಗಡಿಗೆ ಎಂದೂ ಇಲ್ಲದ ಗಿರಾಕಿ. ಒಂದು ನಟ್ಟು, ಒಂದು ವಾಷರು ಕೇಳಿಕೊಂಡು ಬಂದವರು ಬೆಂಚಿನ ಮೇಲೆ ಕೂತರೆ ಏಳುವುದಿಲ್ಲ. ಅನ್ನಮ್ಮ ವಾರಕ್ಕೆ ಮೂರು ದಿನ ಬರುತ್ತಿದ್ದಳು. ಉಳಿದ ದಿನ ಯಾರಾದರೂ ಓದುತ್ತಿದ್ದರು. ತನ್ನ ಗಾಡಿಯ ಷರಾ ತಾನೇ ಓದಬಾರದು ಎಂಬ ಕಟ್ಟಳೆಯಾಯಿತು. ಏಕೆಂದರೆ ನೆಮ್ಮಾರಿನ ಒಬ್ಬಾತ ಓದುತ್ತ ಓದುತ್ತ ನಡುವೆ ಎರಡು ಸಾಲು ನುಂಗಿ ಸಿಕ್ಕಿಬಿದ್ದಿದ್ದ. ಆ ಎರಡು ಸಾಲು ಹೀಗಿದ್ದವು: "ಬ್ರೇಕ್ ಆಯಿಲ್ ಕೇಳಿದರೆ, ಬ್ರೇಕ್ ಇದೆಯೇ ಎಂದು ಮೊದಲು ಕೇಳುವುದು. ಈತನ ಗಾಡಿ ನಿಲ್ಲುವುದು ಇಳಿಜಾರು ಮುಗಿದಲ್ಲಿ."

ಅನ್ನಮ್ಮನ ಗಾಡಿಯ ಷರಾ ಬಂದ ದಿನ ಓದುವ ಸರದಿ ಧರ್ಮೇಶನದು. ಅವನು ಗಂಟಲು ಸರಿಮಾಡಿಕೊಂಡು ಎದ್ದು ನಿಂತು ಓದಿದ. "'ಗಾಡಿಯನ್ನು ಇಷ್ಟು ಚೆನ್ನಾಗಿ ಇಟ್ಟುಕೊಂಡವರು ಮೂರು ತಾಲ್ಲೂಕಿನಲ್ಲಿಲ್ಲ. ಗಂಡಸರು ನೋಡಿ ಕಲಿಯಬೇಕು. ಹಾರ್ನ್ ಮಾತ್ರ ಮಾರಲು ಹೋಗಬೇಡಿ, ಮಾಲೀಕರ ಸ್ವರ ಸಾಕು.'"

"ಸರಿಯಾಗೇ ಬರೆದಾರೆ ಪುಣ್ಯಾತ್ಮರು," ಎಂದಳು ಅನ್ನಮ್ಮ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಬೇಡಿಕೆಗಳೂ ಶುರುವಾದವು. ಒಬ್ಬ ಬಂದು, "ಗಣಪಯ್ಯನೋರೇ, ಆ ಕಡೇ ಸಾಲೊಂದು ಬಿಟ್ಟುಬಿಡಿ ಮಾರಾಯ್ರೆ. ಮಗಂದು ಮದುವೆ ಮಾತುಕತೆ ನಡೀತಾ ಉಂಟು," ಎಂದ. ಇನ್ನೊಬ್ಬ, 'ಜಿಪುಣ' ಎಂಬಲ್ಲಿ 'ಲೆಕ್ಕಾಚಾರದ ಮನುಷ್ಯ' ಎಂದು ತಿದ್ದಲು ಕೇಳಿದ. ಗಣಪಯ್ಯನವರು ಯಾರಿಗೂ ಜಗ್ಗಲಿಲ್ಲ.

"ಸತ್ತವನ ಮಾತು ತಿದ್ದಲಿಕ್ಕೆ ನಾನ್ಯಾರು? ತಮ್ಮ ಬರೆದದ್ದರಲ್ಲಿ ಒಂದಕ್ಷರ ಬಿಡೋದಿಲ್ಲ, ಒಂದಕ್ಷರ ಸೇರಿಸೋದಿಲ್ಲ. ನಿನ್ನದಾದ್ರೂ ಅಷ್ಟೆ, ನನ್ನದಾದ್ರೂ ಅಷ್ಟೆ."

ಮನೆಗೆ ಹೋದರೆ ವೆಂಕಟಯ್ಯನ ಹೆಂಡತಿ ತ್ರಿಪುರಸುಂದರಿ ಬಾಗಿಲಲ್ಲೇ ಕಾಯುತ್ತಿದ್ದಳು. "ಇವತ್ತು ಎಷ್ಟಾಯ್ತು ಭಾವ?" ಎಂದು ಕೇಳುವಳು. ಅವರು ಕಾಫಿ ಕುಡಿಯುತ್ತ ಆ ದಿನದ ಒಂದೆರಡನ್ನು ಓದಿ ಹೇಳುವರು. ಇಳಿಜಾರಿನ ಷರಾ ಹೇಳಿದ ದಿನ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಏಳು ತಿಂಗಳಲ್ಲಿ ಅದೇ ಮೊದಲು. ನಗು ಮುಗಿಯುವ ಮೊದಲೇ ಒಳಗೆ ಹೋದಳು. ಗಣಪಯ್ಯನವರು ಲೋಟ ಹಿಡಿದುಕೊಂಡು ಬಹಳ ಹೊತ್ತು ಜಗಲಿಯಲ್ಲೇ ಕೂತರು.

ಆದರೆ ನಗುವವರ ದೆಸೆಯಿಂದ ಕೆಲಸ ಹಿಂದೆ ಬೀಳುತ್ತಿತ್ತು. ಚೆನ್ನಾಗಿದ್ದುದನ್ನು ಎರಡೆರಡು ಸಲ ಓದಿಸುವರು. ಅಮಾವಾಸ್ಯೆಯಂದು ಗಣಪಯ್ಯನವರು ಬರೆಯುವುದಿಲ್ಲ, ರಾಹುಕಾಲದಲ್ಲಿ ಹೊಸ ಪುಟ ತಿರುಗಿಸುವುದಿಲ್ಲ. ಮಾರ್ಚ್ ಇಪ್ಪತ್ತೊಂಬತ್ತರ ಸಂಜೆಗೆ ಇನ್ನೂ ಅರವತ್ತೊಂದು ಗಾಡಿ ಬಾಕಿ. ಬಿಳಿಯ ಚೌಕ ಈಗ ಕೆಂಪಾಗಿ, ಬೆಳಿಗ್ಗೆ ಸಂಜೆ ಎದ್ದು ನಿಂತು ಉಳಿದ ದಿನಗಳನ್ನು ಎಣಿಸುತ್ತಿತ್ತು. ಗಣಪಯ್ಯನವರು ಶಶಿಕಿರಣನಿಗೆ ಫೋನು ಮಾಡಿ ಎಂಟು ದಿನ ಹೆಚ್ಚಿಗೆ ಬೇಡಿದರು.

"ನನ್ನ ಕೈಲಿಲ್ಲ ಸರ್. ಮೇಲಿನವರು ಡಿಸೈಡ್ ಮಾಡೋದು."

"ನಮ್ಮಲ್ಲೂ ಹಾಗೇ ಆಯ್ತು ಮಾರಾಯ," ಎಂದು ಗಣಪಯ್ಯನವರು ಫೋನಿಟ್ಟರು.

ಮಾರನೆಯ ದಿನ ಯುಗಾದಿ. ಪೇಟೆಯೆಲ್ಲ ಬಾಗಿಲು ಹಾಕಿತ್ತು. ಸಾವು ಕಂಡ ಮನೆಗೆ ವರ್ಷ ತುಂಬುವ ತನಕ ಹಬ್ಬವಿಲ್ಲ. ತೋರಣವಿಲ್ಲ, ಸಿಹಿಯಿಲ್ಲ. ಹಬ್ಬವಿಲ್ಲದ ಮೇಲೆ ಮನೆಯಲ್ಲಿ ಕೂತು ಮಾಡುವುದೇನೆಂದು ಗಣಪಯ್ಯನವರು ಏಳು ಗಂಟೆಗೇ ಅಂಗಡಿ ತೆರೆದು, ಎರಡು ಕನ್ನಡಕಗಳ ನಡುವೆ ಒಬ್ಬರೇ ಒದ್ದಾಡತೊಡಗಿದರು. ಒಂಬತ್ತಕ್ಕೆ ಹೊರಗೆ ಹಾರ್ನಿಲ್ಲದ ಜೀಪಿನ ಸದ್ದು. ಅನ್ನಮ್ಮ ಹೊಸ ಸೀರೆಯಲ್ಲಿ ಇಳಿದಳು, ಕೈಯಲ್ಲಿ ದೊಡ್ಡ ಡಬ್ಬಿ.

"ನಿಮ್ಮನೇಲಿ ಒಲೆ ಮೇಲೆ ಹೋಳಿಗೆ ಇಡಂಗಿಲ್ಲ ನಿಜ. ನಮ್ಮನೇದು ತಿನ್ನಬಾರದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ತಗೊಳಿ. ಎಷ್ಟು ಬಾಕಿ?"

ಹಿಂದೆಯೇ ಧರ್ಮೇಶ್ ಬಂದ. ಹಬ್ಬದ ರಜೆಯಲ್ಲಿ ಆಳು ಸಾಗಿಸುವ ಕೆಲಸವಿಲ್ಲದ ಡ್ರೈವರುಗಳು ಒಬ್ಬೊಬ್ಬರಾಗಿ ಬಂದರು, ಬಂದವರೆಲ್ಲ ಮನೆಯಿಂದ ಒಂದೊಂದು ಡಬ್ಬಿ ತಂದರು. ಅರ್ಪಣಾ ಮೊದಲ ಬಸ್ಸಿಗೇ ಬಂದಳು. ಅವಳು ಎರಡನೆಯ ಪುಸ್ತಕ ಹಿಡಿದಳು, ಗಣಪಯ್ಯನವರು ಮೊದಲನೆಯದು. ಅನ್ನಮ್ಮ ಒಂದು ಷರಾವನ್ನು ಇವರಿಗೆ, ಇನ್ನೊಂದನ್ನು ಅವಳಿಗೆ ಓದುತ್ತ ಹೋದಳು. ಯಾರೂ ನಗಬಾರದೆಂದು ಧರ್ಮೇಶ್ ಬಾಗಿಲಲ್ಲಿ ಕಾವಲು ನಿಂತ. ಎಲ್ಲರಿಗಿಂತ ಹೆಚ್ಚು ಅವನೇ ನಕ್ಕ. ಮಧ್ಯಾಹ್ನ ನಾಲ್ಕಕ್ಕೆ ಒಂದೇ ಒಂದು ಗಾಡಿ ಉಳಿಯಿತು. ಅದು ಅಣ್ಣತಮ್ಮಂದಿರ ಮನೆಯ ಜೀಪು. ಮಾಲೀಕರ ಹೆಸರು: ಗಣಪಯ್ಯ.

ಅದನ್ನು ಅವರು ಬೇಕೆಂದೇ ಕೊನೆಗೆ ಇಟ್ಟಿದ್ದರು. ವೆಂಕಟಯ್ಯ ತಮ್ಮ ಬಗ್ಗೆ ಏನು ಬರೆದಿಟ್ಟಿದ್ದಾನೋ ನೋಡುವ ಆಸೆ ಮೂರು ತಿಂಗಳಿಂದ ಒಳಗೇ ಇತ್ತು. ಎದೆ ಸೆಟೆಸಿ, "ಓದಿ ಅನ್ನಮ್ಮ," ಎಂದರು. "ನಮ್ಮ ಗಾಡಿಗೆ ಬರೆಯೋ ಅಂಥದ್ದು ಎಂತ ಇರ್ತದೆ? ಐವತ್ತು ವರ್ಷದಿಂದ ಸ್ಟಿಯರಿಂಗ್ ಹಿಡಿದಿದ್ದೇನೆ, ಒಂದು ಗೀರು ಬಿದ್ದಿಲ್ಲ."

ಅನ್ನಮ್ಮ ಮೊದಲು ತಾನೊಬ್ಬಳೇ ಓದಿಕೊಂಡಳು. "ಇದೊಂದು ಬಿಡಾಣ ಅಂತೀನಿ ಗಣಪಯ್ಯನೋರೇ."

"ಬಿಡೋದು ಹೇಗೆ? ಓದಿ."

"'ಅಣ್ಣ ಹುಣ್ಣಿಮೆಗೆ ಶೃಂಗೇರಿಗೆ ಹೋಗಿ ಬಂದ ಮರುದಿನ ಎಡಗಡೆಯ ಕನ್ನಡಿ ಹೊಸದು ಹಾಕುವುದು. ಎರಡು ವರ್ಷದಿಂದ ಪ್ರತಿ ಸಲ ವಾಪಸು ಬರುವಾಗ ನಮ್ಮ ಗೇಟಿನ ಕಂಬಕ್ಕೆ ತಾಗಿಸುತ್ತಾನೆ. ತಾಗಿದ್ದು ಅವನಿಗೆ ಗೊತ್ತಾಗುವುದಿಲ್ಲ, ಆ ಹೊತ್ತಿಗೆ ಅವನ ಬಾಯಲ್ಲಿ ದೇವರ ನಾಮ ಇರುತ್ತದೆ. ಇದುವರೆಗೆ ಇಪ್ಪತ್ತಾರು ಕನ್ನಡಿ. ಕಂಬವನ್ನು ಎರಡು ಸಲ ಹಿಂದಕ್ಕೆ ಸರಿಸಿ ಕಟ್ಟಿಸಿದೆ, ಪ್ರಯೋಜನವಾಗಲಿಲ್ಲ. ಅಣ್ಣನಿಗೆ ಹೇಳಬಾರದು. ಹೇಳಿದರೆ ಗಾಡಿ ಬಿಡುತ್ತಾನೆ. ಗಾಡಿ ಬಿಟ್ಟರೆ ಹುಣ್ಣಿಮೆಯ ದರ್ಶನ ತಪ್ಪುತ್ತದೆ. ನಾನು ಇಲ್ಲದಾಗ ಧರ್ಮೇಶ ಹಾಕತಕ್ಕದ್ದು.'"

ಬೆಂಚಿನ ಮೇಲಿದ್ದ ಯಾರೂ ನಗಲಿಲ್ಲ. ನಗದೆ ಇರಲು ಕೆಲವರಿಗೆ ಬಹಳ ಕಷ್ಟವಾಯಿತು. ಗಣಪಯ್ಯನವರು ನಿಧಾನವಾಗಿ ಬಾಗಿಲ ಕಡೆ ತಿರುಗಿದರು.

"ಧರ್ಮೇಶ."

"ಓ."

"ಹಾಕಿದ್ದೀಯಾ?"

"ಶ್ರಾವಣದಿಂದ ಈಚೆ ಆರು," ಎಂದ ಧರ್ಮೇಶ್ ನೆಲ ನೋಡುತ್ತ. "ವೆಂಕಟಯ್ಯನೋರು ಮೊದಲೇ ಮಾತು ತಗೊಂಡಿದ್ರು. ನೀವು ಪೂಜೆಗೆ ಕೂತಾಗ ಬಂದು ಹಾಕಿ ಹೋಗ್ತಿದ್ದೆ."

"ಕನ್ನಡಿ ಎಲ್ಲಿಂದ ತಂದೆ?"

"ಇಲ್ಲಿಂದ್ಲೇ. ನೀವೇ ಕೊಟ್ರಿ. 'ಎಂತ ಮಾರಾಯ, ತಿಂಗಳಿಗೊಂದು ಕನ್ನಡಿ ಒಡೀತೀಯ, ಕಣ್ಣು ಕಾಣಲ್ವಾ' ಅಂತ ಬೈದೇ ಕೊಟ್ರಿ."

ಇನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಅಂಗಡಿಯ ತಗಡೇ ಹಾರಿಹೋಗುವಷ್ಟು ನಗು ಎದ್ದಿತು. ಅರ್ಪಣಾ ನಗುತ್ತ ನಗುತ್ತ ಅಳುತ್ತಿದ್ದಳು. ಗಣಪಯ್ಯನವರ ಪೆನ್ನು ಪುಟದ ಮೇಲೆ ನಿಂತೇ ಇತ್ತು.

"ಬಿಡಿ ಮಾರಾಯ್ರೆ," ಎಂದ ಮಗನ ಮದುವೆ ಮಾತುಕತೆಯವನು. "ಇದೊಂದನ್ನ ಬರೀಬೇಡಿ. ನಾವ್ಯಾರೂ ಹೇಳೋದಿಲ್ಲ."

ಬಿಡಬಹುದಿತ್ತು. ಕೆಂಪು ಚೌಕ ಮರುದಿನ ಎಲ್ಲವನ್ನೂ ನುಂಗುತ್ತಿತ್ತು, ಬರೆಯದ ಮಾತು ಗಾಳಿಯಲ್ಲಿ ಹೋಗುತ್ತಿತ್ತು. ಗಣಪಯ್ಯನವರು ಒಂದು ಕ್ಷಣ ಹಾಗೆ ಯೋಚಿಸಿದ್ದೂ ನಿಜ. ಆಮೇಲೆ ಕನ್ನಡಕ ಒರೆಸಿಕೊಂಡು, "ಮೊದಲಿಂದ ಓದಿ ಅನ್ನಮ್ಮ. ನಿಧಾನ ಓದಿ," ಎಂದರು. ಕಂಬ, ಕನ್ನಡಿ, ದೇವರ ನಾಮ, ಒಂದನ್ನೂ ಬಿಡದೆ ಬರೆದರು. ಇಪ್ಪತ್ತಾರು ಎಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು.

ಸೋಮವಾರ ಹನ್ನೊಂದು ಗಂಟೆಗೆ ಶಶಿಕಿರಣನ ಫೋನು ಬಂತು. ದನಿಯಲ್ಲಿ ಹಬ್ಬವೇ ಇತ್ತು.

"ಸರ್, ಗುಡ್ ನ್ಯೂಸ್! ತುಂಬಾ ಜನ ಕಂಪ್ಲೇಂಟ್ ಮಾಡಿದ್ರು ಅಂತ ಮೇಲಿನವರು ಆರು ತಿಂಗಳು ಎಕ್ಸ್‌ಟೆಂಡ್ ಮಾಡಿದಾರೆ. ಸೆಪ್ಟೆಂಬರ್‌ವರೆಗೂ ನಡೆಯತ್ತೆ!"

ಗಣಪಯ್ಯನವರು ಮೇಜಿನ ಮೇಲಿದ್ದ ಎರಡು ರಟ್ಟಿನ ಪುಸ್ತಕಗಳನ್ನು ನೋಡಿದರು. ತಮ್ಮ ಬಲಗೈಯ ನಡುಬೆರಳಿನ ಬೊಕ್ಕೆಯನ್ನೂ ನೋಡಿದರು.

"ಒಳ್ಳೇದಾಯ್ತು ಮಾರಾಯ. ಆದರೆ ನಮ್ಮಲ್ಲಿ ಕಾರ್ಯ ನಿನ್ನೆಗೇ ಮುಗೀತು. ಇನ್ನು ಎಳೆದಾಡಿಸೋದು ಬೇಡ, ಹೋಗೋರನ್ನ ಹೋಗಲಿಕ್ಕೆ ಬಿಡಬೇಕು."

"ಸರಿ ಸರ್. ನಮ್ಮ ಸೇವೆಗೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡ್ತೀರಾ?"

"ನಿನಗೆ ಐದು. ನಿನ್ನ ಮೇಲಿನವರಿಗೆ ನನ್ನ ಹತ್ತಿರ ಮಾತಾಡಲಿಕ್ಕೆ ಹೇಳು. ಜಪದ ಹೊತ್ತು ಬಿಟ್ಟು."

ಅವರು ಕಂಪ್ಯೂಟರನ್ನು ಆರಿಸಿದರು. ಅದು ಸಣ್ಣಗೆ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಪುಸ್ತಕಗಳೆರಡನ್ನೂ ಶಾರದಾಂಬೆಯ ಪಟದ ಕೆಳಗಿಟ್ಟು ಗಣಪಯ್ಯನವರು ಕೈ ಮುಗಿದರು. ತಮ್ಮನನ್ನು ಯಾಕೆ ಮೊದಲು ಕರೆದುಕೊಂಡೆ ಎಂದು ಅವರು ಇವತ್ತು ಕೇಳಲಿಲ್ಲ.

"ತಾಯೀ, ನನ್ನ ತಮ್ಮ ವೆಂಕಟಯ್ಯ ನಿನ್ನ ಹತ್ತಿರ ಬಂದಿದ್ದಾನೆ. ಅವನು ಬಾಯಿ ಬಿಟ್ಟು ಹೇಳದೆ ಮಾಡಿದ ಉಪಕಾರ ಎಷ್ಟೋ ನನಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿದೆ. ಇನ್ನು ಅವನಿಗೆ ಯಾರ ಗಾಡಿಯ ಚಿಂತೆಯೂ ಬೇಡ, ನನ್ನ ಚಿಂತೆಯೂ ಬೇಡ. ಅವನ ಜೀವ ನಿನ್ನ ಪಾದದಲ್ಲಿ ತಣ್ಣಗಿರಲಿ. ಅವನಿಗೆ ಸದ್ಗತಿ ಕೊಡು, ತಾಯೀ, ಶಾಂತಿ ಕೊಡು."